ಒಂದು ಕಾಲಾಳು ಕಡಿಮೆ, ಆದರೂ ಡ್ರಾ

ಚೆಸ್ ಆಟದ 12ನೇ ನಡೆಗೇ ನನ್ನದೊಂದು ಕಾಲಾಳು ಹೋಯಿತು. ಶುರುವಿನ ನಡೆಗಳು ಇಟಾಲಿಯನ್ ಓಪನಿಂಗ್ ಎಂಬ ಕ್ರಮದವು, ನನ್ನದು ಕಪ್ಪು. ಎದುರಾಳಿಯ ಒಂಟೆಯನ್ನು ಓಡಿಸುವ ಹುಮ್ಮಸ್ಸಿನಲ್ಲಿ ಸಿ6 ಮನೆಯ ಕುದುರೆಯನ್ನು ಎ5 ಮನೆಗೆ ಹಾರಿಸಿದೆ. ಇ5ರ ಕಾಲಾಳಿಗೆ ಅದೊಂದೇ ಕಾವಲು ಅನ್ನುವುದು ಹೊಳೆದದ್ದು ಗಡಿಯಾರ ಒತ್ತಿದ ಮೇಲೆ. ಅವರು ನನ್ನ ಮುಖ ಒಮ್ಮೆ ನೋಡಿ, ಸದ್ದಿಲ್ಲದೆ ಹೊಡೆದರು.

ಆಮೇಲಿನದೆಲ್ಲ ಬರೀ ತಿಣುಕಾಟ. ಸಿಕ್ಕಲ್ಲೆಲ್ಲ ಕಾಲಾಳುಗಳನ್ನು ಬದಲಾಯಿಸಿಕೊಂಡೆ. ಕಾಲಾಳು ಕಡಿಮೆಯಾದಷ್ಟೂ ಸೋಲುತ್ತಿರುವವನಿಗೇ ಲಾಭ. ಕೊನೆಗೆ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ಅವರಿಗೆ ಮಾತ್ರ ಡಿ ಫೈಲಿನಲ್ಲಿ, ಅಂದರೆ ಡಿ ಉದ್ದಸಾಲಿನಲ್ಲಿ, ಒಂದು ಕಾಲಾಳು. ನನ್ನ 90 ನಿಮಿಷದಲ್ಲಿ ಉಳಿದಿದ್ದದ್ದು ನಾಲ್ಕು, ಜೊತೆಗೆ ಪ್ರತಿ ನಡೆಗೆ ಸಿಗುವ 30 ಸೆಕೆಂಡ್.

ಇಲ್ಲಿ ನೆರವಿಗೆ ಬಂದದ್ದು ಫಿಲಿಡೋರ್. ಒಪೇರಾಗಳಿಗೆ ಸಂಗೀತ ಬರೆಯುತ್ತಿದ್ದ ಈ ಫ್ರೆಂಚ್ ಮನುಷ್ಯ 1777ರಲ್ಲೇ ಈ ಸ್ಥಿತಿಯನ್ನು ಬಿಡಿಸಿಟ್ಟಿದ್ದ. ನನ್ನ ರಾಜ ಡಿ8ರಲ್ಲಿ, ಆನೆ ಬಿ6ರಲ್ಲಿ. ಅವರ ರಾಜ ಇ5, ಕಾಲಾಳು ಡಿ5, ಆನೆ ಎಚ್7. ನನ್ನ ಆನೆ 6ನೇ ಅಡ್ಡಸಾಲು ಕಾಯುವವರೆಗೆ ಅವರ ರಾಜ ಅಲ್ಲಿಗೆ ಕಾಲಿಡುವಂತಿಲ್ಲ. ಹಾಗಾಗಿ ನಾನು ಎ6, ಬಿ6, ಮತ್ತೆ ಎ6 ಎಂದು ಸುಮ್ಮನೆ ಓಡಾಡಿದೆ. ಬೇಸತ್ತು ಅವರು ಕಾಲಾಳನ್ನು ಡಿ6ಕ್ಕೆ ತಳ್ಳಿದರು. ಕೂಡಲೇ ಆನೆಯನ್ನು ಬಿ1ಕ್ಕೆ ಇಳಿಸಿದೆ. ಕೈ ನಡುಗುತ್ತಿತ್ತು, ಸುಳ್ಳೇಕೆ? ಅವರ ರಾಜ ಇ6ಕ್ಕೆ ಬಂದರೆ ಮುಂದಿನ ನಡೆಯಲ್ಲೇ ಮೇಟ್, ನನ್ನ ಆಟ ಮುಗಿದಂತೆ. ಆದರೆ ಕಾಲಾಳು ಮುಂದೆ ಹೋದದ್ದರಿಂದ ಹಿಂದಿನಿಂದ ನಾನು ಕೊಡುವ ಚೆಕ್‌ಗೆ ಅವರ ರಾಜನಿಗೆ ಮರೆಯೇ ಇಲ್ಲ. ಇ1ರಿಂದ ಚೆಕ್, ಡಿ1ರಿಂದ ಚೆಕ್, ಸಿ1ರಿಂದ ಚೆಕ್.

ಅವರು ಡ್ರಾ ಒಪ್ಪಲಿಲ್ಲ. ಅದೇ ಸ್ಥಿತಿ ಮೂರನೇ ಸಲ ಬಂತೆಂದು ನಾನು ನಡೆ ಆಡಿ, ಡ್ರಾ ಕೇಳಲು ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದೆ. ಆರ್ಬಿಟರ್ ಆಗದು ಎಂದು ತಲೆಯಾಡಿಸಿದರು: ಆಡುವ ಮುಂಚೆ ನಡೆಯನ್ನು ಹಾಳೆಯಲ್ಲಿ ಬರೆದು, ಆಮೇಲೆ ಕೇಳಬೇಕಂತೆ. ಇಷ್ಟು ವರ್ಷ ಆಡಿಯೂ ನನಗದು ಗೊತ್ತಿರಲಿಲ್ಲ. ಅದೇ ಸ್ಥಿತಿ ಮತ್ತೆ ಬರುವಾಗ ಬರೆದೇ ಕೇಳಿದೆ. ಅರ್ಧ ಅಂಕ ಸಿಕ್ಕಿತು.

ಆಟ ಮುಗಿದ ಮೇಲೆ ಇಬ್ಬರೂ ಕಾಯಿ ಜೋಡಿಸಿ ಹಿಂದಕ್ಕೆ ಹೋದೆವು. ನನ್ನ ರಾಜ ಇನ್ನೂ ಎಫ್7ರಲ್ಲಿದ್ದಾಗ ಅವರು ಆನೆಯನ್ನು ಇ1ಕ್ಕೆ ತಂದಿದ್ದರೆ, ಇ ಫೈಲ್ ದಾಟಿ ಕಾಲಾಳಿನ ಮುಂದೆ ಬರಲು ನನಗೆ ದಾರಿಯೇ ಇರುತ್ತಿರಲಿಲ್ಲ. ಅವರು ಆ ಮನೆಯ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತರು. “ನೀವು ಎ5ಕ್ಕೆ ಕುದುರೆ ಆಡಿದ ಮೇಲೆ ನಾನು ಯೋಚಿಸುವುದನ್ನೇ ಬಿಟ್ಟೆ ಸಾರ್,” ಅಂದರು.