ಕಿಸೆಯ ಕ್ಯಾಮೆರಾದಲ್ಲಿ ಹುಳದ ಮುಖ

ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಹುಳದ ಬೆನ್ನ ಮೇಲೆ ಒಂದು ಗುಂಡುಸೂಜಿ ನಿಂತಿರುತ್ತದೆ. ನಿಜವಾದ ಗುಂಡುಸೂಜಿಯ ಹಾಗೇ, ತುದಿಯಲ್ಲಿ ಪುಟ್ಟ ಗುಂಡು. ಹುಳದ ಒಟ್ಟು ಉದ್ದವೇ 6ರಿಂದ 8 ಮಿಲಿಮೀಟರ್. ಕಾಸರಗೋಡಿನ ಪೆರ್ಲದ ಈ ಗುಡ್ಡೆಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಮೊದಲ ಸಲ ನೋಡಿದ್ದು ಕ್ಯಾಮೆರಾದ ಪರದೆಯಲ್ಲಿ. ಈ ಹುಳವನ್ನು ಕೊಲ್ಲಬೇಕೆಂದು ನಮ್ಮ ಕಡೆಯ ಗೇರುತೋಟಗಳ ಮೇಲೆ 20 ವರ್ಷಕ್ಕೂ ಜಾಸ್ತಿ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಷ್ಟೋ ಮನೆಗಳು ಇವತ್ತಿಗೂ ಆ ನೋವು ಉಣ್ಣುತ್ತಿವೆ. ಹುಳ ಹೇಗಿದೆ ಅಂತ ಮಾತ್ರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನೋಡಿರಲಿಲ್ಲ.

ನೋಡುವುದಕ್ಕೆ ದೊಡ್ಡ ಕ್ಯಾಮೆರಾ ಬೇಡ. ಕಿಸೆಯಲ್ಲಿ ಹಿಡಿಯುವಂಥದ್ದು ಸಾಕು. ಅದರ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್ಪು, ಚಿಕ್ಕದು. ಹಾಗಾಗಿ ತೀರಾ ಹತ್ತಿರ ಹೋದರೂ ಹುಳದ ಕಣ್ಣು, ಮೀಸೆ ಎರಡೂ ಸ್ಪಷ್ಟವಾಗಿ ಬರುವ ಸಾಧ್ಯತೆ ಜಾಸ್ತಿ.

ಹೂವಿನ ಗುರುತಿರುವ ಮ್ಯಾಕ್ರೋ ಮೋಡ್ ಹಾಕಿ. ಆಮೇಲೆ ಝೂಮ್ ಮುಟ್ಟಬೇಡಿ. ಹೊಸಬರು ಎಡವುವುದು ಇಲ್ಲೇ. ಝೂಮ್ ಎಳೆಯದಿದ್ದರೆ ಎಷ್ಟೋ ಕ್ಯಾಮೆರಾಗಳು 1ರಿಂದ 5 ಸೆಂಟಿಮೀಟರ್ ಹತ್ತಿರದಲ್ಲೂ ಫೋಕಸ್ ಮಾಡುತ್ತವೆ. ಎಳೆದರೆ ಅದೇ ಕ್ಯಾಮೆರಾ ಮೊಳ ದೂರ ಹೋಗು ಅನ್ನುತ್ತದೆ. ಕೇಪುಳ ಹೂವಿಗೆ ಬರುವ ಚಿಟ್ಟೆಯಂಥ ಪುಕ್ಕಲಿಗೆ ಮಾತ್ರ ಬೇರೆ ಉಪಾಯ. ಝೂಮ್ ಪೂರ್ತಿ ಎಳೆದು, ಲೆನ್ಸಿನ ಮುಂದೆ ಸಣ್ಣ ಭೂತಗನ್ನಡಿ ಹಿಡಿಯಿರಿ. ಅಂಚು ಮಸುಕಾಗುತ್ತದೆ, ನಡುವೆ ಚೆನ್ನಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಧನು ತಿಂಗಳಲ್ಲಿ ನಸುಕಿನ ಧನುಪೂಜೆ ಮುಗಿಸಿದವಳು ಮನೆಗೆ ಬರುವುದಿಲ್ಲ, ಸೀದಾ ಗುಡ್ಡೆಗೆ ಹೋಗುತ್ತೇನೆ. ಹುಳಗಳಿಗೆ ನಮ್ಮ ಹಾಗೆ ಮೈಬಿಸಿ ಇಲ್ಲ ಅಲ್ವಾ? ಬಿಸಿಲು ತಾಗುವವರೆಗೆ ಕೂತಲ್ಲೇ ಕೂತಿರುತ್ತವೆ. ಏರೋಪ್ಲೇನ್ ಚಿಟ್ಟೆಯ ಕಣ್ಣ ಮೇಲೆ ಇಬ್ಬನಿ ಹನಿ ಹನಿಯಾಗಿ ನಿಂತಿರುತ್ತದೆ. ಚಿತ್ರಕ್ಕೋಸ್ಕರ ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ನನಗದು ಖಂಡಿತ ಒಪ್ಪಿಗೆಯಿಲ್ಲ. ಬೆಳಗ್ಗೆ ಬೇಗ ಎದ್ದರೆ ಚಳಿಯೇ ಆ ಕೆಲಸ ಮಾಡಿಕೊಡುತ್ತದೆ.

ಗೇರು ಚಿಗುರಿ ಹೂ ಬಿಡುವುದೂ ಸುಮಾರು ಇದೇ ಸಮಯ. ಎಳೆ ಚಿಗುರಿನಲ್ಲಿ ಕಪ್ಪು ಕಲೆ, ಒಸರಿದ ಅಂಟು ಕಂಡರೆ ಅಲ್ಲೇ ಟೀ ಸೊಳ್ಳೆ ಹುಡುಕಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಮೊಣಕಾಲಿನ ಅಡಿಗೆ ಅಡಿಕೆ ಹಾಳೆ ಹಾಕಿಕೊಳ್ಳಿ, ಮುರಕಲ್ಲು ಚುಚ್ಚುವುದಿಲ್ಲ. ಎಡಗೈಯಲ್ಲಿ ಚಿಗುರಿನ ಬುಡವನ್ನು ಮೆಲ್ಲಗೆ ಹಿಡಿದು, ಅದೇ ಕೈಯ ಮೇಲೆ ಕ್ಯಾಮೆರಾ ಊರಿ. ಆಗ ಗಾಳಿ ಬಂದರೂ ಹುಳ, ಕ್ಯಾಮೆರಾ ಒಟ್ಟಿಗೇ ಅಲ್ಲಾಡುತ್ತವೆ. ಬಟನ್ ಅರ್ಧ ಒತ್ತಿ ಫೋಕಸ್ ನಿಲ್ಲಿಸಿ. ಇನ್ನು ಫೋಕಸ್ ಹುಡುಕುವುದು ನಿಮ್ಮ ಮೈ. ಉಸಿರು ಹಿಡಿದು ಕೂದಲೆಳೆಯಷ್ಟು ಮುಂದೆ, ಹಿಂದೆ ವಾಲಿ. ಕಣ್ಣು ಚುರುಕಾಗಿ ಕಂಡ ಕ್ಷಣ ಒತ್ತಿ. 20 ತೆಗೆದರೆ 1 ಉಳಿಯುತ್ತದೆ, ಅಷ್ಟು ಸಾಕು.

ಇಷ್ಟು ಹತ್ತಿರದಲ್ಲಿ ಫ್ಲ್ಯಾಶ್ ಹಾಕಿದರೆ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ. ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳದಲ್ಲಿ ಲೆನ್ಸಿನ ಅಳತೆಗೆ ತೂತು ಕೊರೆದು ತೂರಿಸಿ. ಬೆಳಕು ಮುಚ್ಚಳದ ತುಂಬ ಹರಡಿ ಮೆತ್ತಗಾಗುತ್ತದೆ. ನನಗೆ ಇದಕ್ಕಿಂತಲೂ ಇಷ್ಟ ಹಾಳೆತಟ್ಟೆ. ಫ್ಲ್ಯಾಶ್ ಆರಿಸಿ, ಬಿಸಿಲಿಗೆ ಎದುರಾಗಿ ತಟ್ಟೆ ಹಿಡಿದರೆ ನೆರಳಿನ ಬದಿಗೆ ಕೆನೆಬಣ್ಣದ ಬೆಳಕು ಬರುತ್ತದೆ. ತಟ್ಟೆ ಹಿಡಿಯಲು ಇನ್ನೊಬ್ಬರು ಬೇಕು. ನಮ್ಮಲ್ಲಿ ಆ ಕೆಲಸ ಮೊಮ್ಮಗಳದ್ದು.

ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಓಡಿಹೋಗುವುದಿಲ್ಲ, ಕ್ಯಾಮೆರಾದ ಕಡೆಗೇ ಬರುತ್ತದೆ. ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ. ಅದರ ಹಿಂದೆ ಸುಮ್ನೆ ಓಡಬೇಡಿ. ಇರುವೆ ಓಡಾಡುವ ಕೊಂಬೆಯ ಒಂದು ಜಾಗಕ್ಕೆ ಫೋಕಸ್ ಇಟ್ಟು ಕಾಯಿರಿ. ಈ ಇರುವೆ ಟೀ ಸೊಳ್ಳೆಯನ್ನು ಬೇಟೆಯಾಡುತ್ತದೆ. ಹಾಗಾಗಿ ಇರುವೆ ತುಂಬಿದ ಗೇರುಮರದಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆ. ಕಳೆದ ಜನವರಿಯಲ್ಲಿ ಹೀಗೆ ಕಾಯುತ್ತಿದ್ದಾಗ ಎರಡು ಇರುವೆ ಒಂದು ಟೀ ಸೊಳ್ಳೆಯನ್ನು ಎಳೆದುಕೊಂಡು ಬಂದವು. ಮೊಮ್ಮಗಳು ತಟ್ಟೆ ಅಲ್ಲಾಡಿಸಲಿಲ್ಲ. 34 ಚಿತ್ರ ತೆಗೆದೆ. ಒಂದರಲ್ಲಿ ಆ ಗುಂಡುಸೂಜಿಯೂ ಬಂದಿದೆ.