ಓಟವನ್ನೇ ಕೂಲಿಯಾಗಿ ಕೊಟ್ಟೆ: ಮುಧೋಳ ನಾಯಿಗೆ ಕರೆದರೆ ಬರುವುದನ್ನು ಕಲಿಸಿದ ನನ್ನ ಅನುಭವ

ಓಡುವುದು ಕಂಡರೆ ಅಟ್ಟಿಸುವ ಬೇಟೆ ಜಾತಿಯಾದರೂ ಮುಧೋಳ ನಾಯಿಯನ್ನು ಹಗ್ಗ ಬಿಚ್ಚಿ ಹೊಲದಲ್ಲಿ ಬಿಡಬಹುದು. ಎದುರಿಗೆ ಕೋಳಿ ಓಡಿದರೂ ಕರೆದ ಕೂಡಲೇ ತಿರುಗಿ ಬರುವ ಹಾಗೆ ಮಾಡಬಹುದು. ನಮ್ಮ ತುಂಗಿ ಬರುತ್ತಾಳೆ. ಇದು ಆಗುತ್ತದೆ ಅಂತ ನಾನು ಮೊದಲು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ನಾಯಿ ಸಾಕಿ ಅನುಭವ ಇದ್ದವರೇ "ಬ್ಯಾಟಿ ನಾಯಿ ಕಣ್ಣು ಬಿಟ್ರ ಕಿವಿ ಮುಚ್ಚತೈತ್ರಿ, ಸುಮ್ನ ಕಟ್ಟಿ ಹಾಕ್ರಿ" ಅಂದರು. ಈಗ ಅದೇ ಜನ ತಮ್ಮ ಮರಿಗಳನ್ನು ಕರೆದುಕೊಂಡು ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವ ಬದಲು ಒಮ್ಮೆ ಬರೆದಿಡೋಣ ಅನಿಸಿತು.

ನಮ್ಮ ಹೊಲ ರಾಣೆಬೆನ್ನೂರು ಕಡೆ. ಕೃಷ್ಣಮೃಗ ಅಭಯಾರಣ್ಯ ದೂರವಿಲ್ಲ. ಬೆಳಗಿನ ಜಾವ ಚಿಗರಿ (ಕೃಷ್ಣಮೃಗ) ಹಿಂಡು ಗೋವಿನಜೋಳಕ್ಕೆ ಇಳಿಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಚಿಗರಿಗೂ ನವಿಲಿಗೂ ಮೊಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನಾಯಿ ಹಿಡಿದರೆ ತೊಂದರೆ ಬರುವುದು ಮಾಲೀಕನಿಗೆ. ಹಿಂದೆ ನಮ್ಮ ಕಡೆ ಈ ನಾಯಿ ಸಾಕುತ್ತಿದ್ದುದೇ ಮೊಲದ ಬೇಟೆಗೆ. ಇವತ್ತು ಅದು ಅಪರಾಧ. ಕೇಸಿನ ಮಾತು ಬಿಡಿ, ಗಬ್ಬದ ಚಿಗರಿಯನ್ನು ನಾಯಿ ಓಡಿಸುವುದನ್ನು ನೋಡಲು ನನಗೆ ಮನಸ್ಸಿಲ್ಲ. ಹಾಗಂತ ಮುಧೋಳವನ್ನು ಜನ್ಮಪೂರ್ತಿ ಕಟ್ಟಿ ಹಾಕಲೂ ಮನಸ್ಸಿಲ್ಲ. ಕಟ್ಟಿದ ಮುಧೋಳ ವರ್ಷದೊಳಗೆ ಹೇಗಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಸರಪಳಿಯ ಉದ್ದಕ್ಕೆ ನೆಲ ಸವೆಯುವವರೆಗೆ ತಿರುಗುತ್ತದೆ, ಬಾಲ ಕಚ್ಚಿಕೊಳ್ಳುತ್ತದೆ, ಕೊನೆಗೆ ಅನ್ನ ಹಾಕುವ ಕೈಗೂ ಬಾಯಿ ಹಾಕುತ್ತದೆ.

ಮರಿಯಾಗಿದ್ದಾಗಿನ ಕೆಲಸ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಎರಡು ತಿಂಗಳ ಮರಿ ತಂದೆ, ಹನ್ನೆರಡು ಸಾವಿರದ ಆಸುಪಾಸು ಕೊಟ್ಟೆ. ಲಸಿಕೆ ಮುಗಿಯುವ ತನಕ ನೆಲಕ್ಕೆ ಬಿಡದೆ, ಎತ್ತಿಕೊಂಡೇ ಸಂತೆ, ಬಸ್ ನಿಲ್ದಾಣ, ಹಿಟ್ಟಿನ ಗಿರಣಿ ಎಲ್ಲ ತೋರಿಸಿದೆ. ಪಾರ್ವೋ ಅನ್ನುವ ವಾಂತಿ-ಭೇದಿ ರೋಗದ ಭಯಕ್ಕೆ ಮರಿಯನ್ನು ನಾಲ್ಕು ತಿಂಗಳು ಕೋಣೆಯಲ್ಲಿ ಮುಚ್ಚಿಡುವವರಿದ್ದಾರೆ. ಆ ಮರಿಗಳೇ ಮುಂದೆ ಹೆದರಿ ಕಚ್ಚುವುದು. ಹಲ್ಲು ಬರುವಾಗ ಹಳೆ ಹತ್ತಿ ಬಟ್ಟೆಗೆ ಗಂಟು ಹಾಕಿ, ನೆನೆಸಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕೊಟ್ಟೆ. ಕೈ ಕಚ್ಚಿದರೆ ಎದ್ದು ಹೋಗಿಬಿಡುತ್ತಿದ್ದೆ, ಅಷ್ಟೇ. ಕಿರುಚಿದರೆ ಈ ಜಾತಿಗೆ ಅದು ಆಟ ಅನಿಸುತ್ತದೆ. ನನ್ನ ಅನುಭವದಲ್ಲಿ ಕಿರುಚುವ ಉಪಾಯ ಒಂದು ಮರಿಗೂ ಕೆಲಸ ಮಾಡಿಲ್ಲ.

ತೊಂದರೆ ಶುರುವಾಗಿದ್ದು ಆರು ತಿಂಗಳ ನಂತರ. ಕಾಲು ಉದ್ದವಾಯಿತು, ಕಣ್ಣು ದೂರ ಹೋಯಿತು. ನಮ್ಮದೂ ಪಕ್ಕದ ಹೊಲದವರದೂ ಸೇರಿ ಏಳೆಂಟು ನಾಟಿ ಕೋಳಿ ಹೋದವು, ಒಂದೊಂದಕ್ಕೆ ಐದಾರು ನೂರು. ಆಮೇಲೆ ಒಂದು ಆಡಿನ ಮರಿ. ಅದಕ್ಕೆ ನಾಲ್ಕೂವರೆ ಸಾವಿರ ಎಣಿಸಿದೆ. ಪಕ್ಕದವರು ದುಡ್ಡು ತಗೊಂಡರು, ಆದರೆ ನಾಲ್ಕು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಪೇಟೆಯಿಂದ ಒಬ್ಬ ತರಬೇತುದಾರರನ್ನು ಕರೆಸಿದೆ. ಹನ್ನೆರಡು ಸಾವಿರ ಹೋಯಿತು, ಓಡಾಟದ ಖರ್ಚು ಬೇರೆ. ಚೋಕ್ ಚೈನ್ (ಎಳೆದರೆ ಕತ್ತು ಬಿಗಿಯುವ ಸರಪಳಿ) ಹಾಕಿ ಕೂರು, ನಿಲ್ಲು, ಪಕ್ಕದಲ್ಲಿ ನಡೆ, ಎಲ್ಲ ಕಲಿಸಿದರು. ಅಂಗಳದಲ್ಲಿ ತುಂಗಿ ಎಲ್ಲ ಮಾಡುತ್ತಿದ್ದಳು. ಹೊಲದಲ್ಲಿ ಕೋಳಿ ರೆಕ್ಕೆ ಬಡಿದರೆ ಸಾಕು, ಕಲಿತದ್ದೆಲ್ಲ ಸೊನ್ನೆ. ಕೊನೆಗೆ ಅವರೇ "ಈ ಜಾತಿ ಇಷ್ಟೇ ಸರ್" ಅಂತ ಹೇಳಿ ಹೋದರು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಜಾತಿ ಇದು. 2016ರಲ್ಲಿ ಮುಧೋಳ ಹತ್ತಿರದ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. ನಮ್ಮ ನೆಲದ ನಾಯಿಗೆ ಬುದ್ಧಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಊರವರ ಉಪಾಯ ಬೇರೆ: ಸತ್ತ ಕೋಳಿಯನ್ನೇ ನಾಯಿಯ ಕೊರಳಿಗೆ ಕಟ್ಟುವುದು. ಪರಿಚಯದವರೊಬ್ಬರು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೋಳಿ ಕೊಳೆಯಿತು, ನೊಣ ಮುತ್ತಿದವು, ನಾಯಿಗೆ ಗಾಯವಾಯಿತು. ಬಿಚ್ಚಿದ ಮಾರನೇ ವಾರ ಅದು ಇನ್ನೊಂದು ಕೋಳಿ ಹಿಡಿಯಿತು. ಇನ್ನೊಬ್ಬ ಗೆಳೆಯರು ಮೂರೂವರೆ ಸಾವಿರ ಕೊಟ್ಟು ಕರೆಂಟ್ ಹೊಡೆಯುವ ಕಾಲರ್ ತಂದರು. ಅವರ ನಾಯಿಗೆ ಶಾಕ್ ಹೊಡೆದ ಹೊತ್ತಿಗೆ ಎದುರಿಗಿದ್ದದ್ದು ಅವರದೇ ಎಮ್ಮೆ ಕರು. ನೋವು ಕರುವಿನಿಂದ ಬಂತು ಅಂತ ಅದು ತಿಳಿದುಕೊಂಡಿತು. ಆಮೇಲೆ ಕರು ಕಂಡರೆ ಹಲ್ಲು ಕಿರಿಯುವುದು ಶುರುವಾಯಿತು. ಹಟ್ಟಿಯಲ್ಲಿ ಮೊದಲು ಅದೇ ಕರುವಿನ ಪಕ್ಕ ಮಲಗುತ್ತಿದ್ದ ನಾಯಿ ಅದು! ಆ ಕಾಲರ್ ತುಂಗಿಗೆ ಹಾಕಲು ನನಗೂ ಕೊಡಲು ಬಂದಿದ್ದರು. ಬೇಡ ಅಂದೆ.

ಬರೀ ತಿಂಡಿಯಿಂದಲೂ ಆಗಲಿಲ್ಲ. ಬೇಯಿಸಿದ ಕೋಳಿ ಲಿವರ್, ಮಟನ್ ಚೂರು, ಎಲ್ಲ ನೋಡಿದೆ. (ಬೇಯಿಸುವಾಗ ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ, ಅದು ನಾಯಿಗೆ ವಿಷ.) ಕೋಳಿ ಕಂಡ ಹೊತ್ತಿಗೆ ಮಟನ್ ಬಾಯಿಗೆ ಇಟ್ಟರೂ ತುಂಗಿ ಉಗುಳುತ್ತಿದ್ದಳು. ಇದನ್ನು ನೋಡಿದ ಮೇಲೆ ನನಗೆ ದಾರಿ ಹೊಳೆಯಿತು. ಅವಳಿಗೆ ಕೋಳಿ ತಿನ್ನುವುದು ಬೇಕಾಗಿರಲಿಲ್ಲ, ಓಡುವುದು ಬೇಕಾಗಿತ್ತು. ಹಿಡಿದ ಕೋಳಿಗಳನ್ನು ಒಂದನ್ನೂ ತಿಂದವಳಲ್ಲ. ಹಾಗಾದರೆ ಕೂಲಿ ಓಟದಲ್ಲೇ ಕೊಡಬೇಕು. ನಾನು ಕರೆದಾಗ ಬಂದರೆ ಕೋಳಿಗಿಂತ ಚೆನ್ನಾದ ಓಟ ನನ್ನ ಹತ್ತಿರ ಸಿಗಬೇಕು.

ಎಂಟಡಿ ಬಿದಿರು ಕೋಲು, ತುದಿಗೆ ಹಗ್ಗ, ಹಗ್ಗದ ತುದಿಗೆ ಆಡಿನ ಚರ್ಮದ ತುಂಡು. ಕೋಲು ತಿರುಗಿಸಿದರೆ ಚರ್ಮ ಓಡುತ್ತದೆ, ನಾಯಿ ಅದನ್ನು ಅಟ್ಟಿಸುತ್ತದೆ. ಒಟ್ಟು ಖರ್ಚು ಇನ್ನೂರು ಮುನ್ನೂರು ರೂಪಾಯಿ. ಅದಕ್ಕೆ ಮೊದಲು ನಷ್ಟ ಪರಿಹಾರ, ತರಬೇತಿ, ಜಾಲರಿ, ಹಾರ್ನೆಸ್ (ಎದೆಗೆ ಹಾಕುವ ಪಟ್ಟಿ) ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿತ್ತು. ಗೆಲ್ಲಿಸಿದ್ದು ಈ ಬಿದಿರು.

ಇಲ್ಲಿಯೇ ಎಲ್ಲರೂ ನನ್ನ ಮೇಲೆ ಬಿದ್ದರು. "ಅಣ್ಣಾರ, ಓಡಿಸಿ ಓಡಿಸಿ ಬ್ಯಾಟಿ ಇನ್ನೂ ಹೆಚ್ಚು ಮಾಡ್ತೀರಿ ನೋಡ್ರಿ." ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಸುಮ್ನೆ ಕೋಲು ತಿರುಗಿಸುತ್ತಾ ಆಡಿಸಿದರೆ ಹುಚ್ಚು ಹೆಚ್ಚಾಗುವುದು ಖಂಡಿತ. ನನ್ನ ನಿಯಮ ಬೇರೆ. ಸೀಟಿ ಕೇಳಿ ನನ್ನ ಕಾಲ ಹತ್ತಿರ ಬಂದರೆ ಮಾತ್ರ ಚರ್ಮ ಓಡುತ್ತದೆ. ಬರದಿದ್ದರೆ ಅದು ನೆಲದ ಮೇಲೆ ಸತ್ತು ಬಿದ್ದಿರುತ್ತದೆ. ಆಟ ಶುರುವಾಗುವುದೂ ನನ್ನ ಕೈಯಿಂದ, ಮುಗಿಯುವುದೂ ನನ್ನ ಕೈಯಿಂದ. ಚರ್ಮ ಹಿಡಿದ ಮೇಲೆ ಬಿಡಿಸಲು ಎಳೆದಾಡಬಾರದು. ಲಿವರ್ ಚೂರು ಮೂಗಿಗೆ ಹಿಡಿದರೆ ತಾನೇ ಬಿಡುತ್ತದೆ, ಮತ್ತೆ ಓಡಿಸಿ. ವರ್ಷದೊಳಗಿನ ಮರಿಗೆ ಒಮ್ಮೆಲೇ ತಿರುವು, ಜಿಗಿತ ಕೊಡಬೇಡಿ, ಕೀಲು ಹಾಳಾಗುತ್ತದೆ. ಎರಡು ಮೂರು ನಿಮಿಷ ಸಾಕು. ಹೊಟ್ಟೆ ತುಂಬ ಉಂಡ ಕೂಡಲೇ ಓಡಿಸಬೇಡಿ. ಇಂಥ ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ.

ಕರೆಯಲು ‘ಬಾ’ ಬಳಸಲಿಲ್ಲ. ಮನೆಯಲ್ಲಿ ಎಲ್ಲರೂ ದಿನವೆಲ್ಲ "ಬಾ ಬಾ" ಅಂತಲೇ ಇರುತ್ತಾರೆ, ಅದಕ್ಕೆ ಬೆಲೆ ಉಳಿದಿರಲಿಲ್ಲ. ಸೀಟಿ ತಗೊಂಡೆ. ಮೊದಲು ಊಟದ ತಟ್ಟೆ ಇಡುವ ಮುಂಚೆ, ಆಮೇಲೆ ಚರ್ಮ ಓಡುವ ಮುಂಚೆ ಮಾತ್ರ ಅದನ್ನು ಊದಿದೆ. ಬರುವುದಿಲ್ಲ ಅನಿಸಿದ ಕಡೆ ಊದಲೇ ಇಲ್ಲ. ಸೀಟಿಗೆ ಮೊದಲ ವಾರ ಇನ್ನೊಂದು ಸಂಗತಿ ಜೋಡಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹತ್ತಿರ ಕಲಿಯಲು ಬರುವವರಿಗೆ ಅದನ್ನು ಕೈಯಲ್ಲಿ ಮಾಡಿಯೇ ತೋರಿಸುತ್ತೇನೆ.

ಮುಖ್ಯವಾದದ್ದು ಊದುವ ಹೊತ್ತು. ಓಟ ಶುರುವಾದ ಮೇಲೆ ಎಷ್ಟು ಊದಿದರೂ ವ್ಯರ್ಥ. ಕಣ್ಣಿಗೆ ಬಿದ್ದದ್ದಕ್ಕೂ ಕಾಲು ನೆಗೆಯುವುದಕ್ಕೂ ನಡುವೆ ಒಂದೆರಡು ಕ್ಷಣ ಇರುತ್ತದೆ. ತುಂಗಿಯಲ್ಲಿ ಮೊದಲು ಬಾಯಿ ಮುಚ್ಚುತ್ತದೆ. ಆಮೇಲೆ ಕಿವಿ ಮುಂದಕ್ಕೆ, ಬಾಲ ಸ್ತಬ್ಧ, ಭಾರ ಮುಂಗಾಲಿಗೆ. ಬಾಯಿ ಮುಚ್ಚಿದಾಗ ಊದಿದರೆ ನೂರಕ್ಕೆ ನೂರು ತಿರುಗುತ್ತಾಳೆ. ಬಾಲ ನಿಂತ ಮೇಲೆ ಊದಿದರೆ ಅರ್ಧಕ್ಕರ್ಧ. ನಿಮ್ಮ ನಾಯಿಯಲ್ಲಿ ಮೊದಲ ಗುರುತು ಬೇರೆ ಇರಬಹುದು. ಒಂದು ವಾರ ಏನೂ ಕಲಿಸದೆ ಬರೀ ನೋಡಿ.

ಕೋಳಿಗಳನ್ನು ಜಾಲರಿ ಗೂಡಿನಲ್ಲಿಟ್ಟು ಅರವತ್ತು ಎಪ್ಪತ್ತು ಹೆಜ್ಜೆ ದೂರದಿಂದ ಶುರು ಮಾಡಿದೆ. ಮೂವತ್ತಡಿ ಹಗ್ಗ, ಅದೂ ಹಾರ್ನೆಸ್‌ಗೆ. ಕೊರಳಪಟ್ಟಿಗೆ ಉದ್ದ ಹಗ್ಗ ಕಟ್ಟಬೇಡಿ, ಪೂರ್ತಿ ವೇಗದಲ್ಲಿ ಎಳೆತ ಬಿದ್ದರೆ ಕತ್ತು ಹೋಗುತ್ತದೆ. ಮುಧೋಳದ ತಲೆ ಕುತ್ತಿಗೆಗಿಂತ ಸಪೂರ, ಸಾಮಾನ್ಯ ಪಟ್ಟಿ ಜಾರಿ ಬರುತ್ತದೆ. ದಾರಿಯಲ್ಲಿ ನಡೆಸುವಾಗ ಮಾರ್ಟಿಂಗೇಲ್ ಪಟ್ಟಿಯೇ (ಎಳೆದಾಗ ಸ್ವಲ್ಪ ಮಾತ್ರ ಬಿಗಿಯಾಗಿ ಜಾರದೆ ನಿಲ್ಲುವ ಕೊರಳಪಟ್ಟಿ) ಬೇಕು. ನೋಡಿದಳು, ಊದಿದೆ, ಬಂದಳು, ಕೋಳಿಯ ವಿರುದ್ಧ ದಿಕ್ಕಿಗೆ ಚರ್ಮ ಓಡಿಸಿದೆ. ದಿನಕ್ಕೆ ನಾಲ್ಕೈದು ಸಲ, ಹೆಚ್ಚಿಲ್ಲ. ಒಂದೇ ದೂರದಲ್ಲಿ ಎರಡು ಸಲ ತಪ್ಪಿದರೆ ಹತ್ತು ಹೆಜ್ಜೆ ಹಿಂದಕ್ಕೆ. ಒಂದೂವರೆ ಎರಡು ತಿಂಗಳಿಗೆ ಒಂದು ವಿಚಿತ್ರ ಕಂಡೆ. ಕೋಳಿ ಕಂಡ ಕೂಡಲೇ ಸೀಟಿ ಇಲ್ಲದೆಯೇ ತಿರುಗಿ ನನ್ನ ಮುಖ ನೋಡಿದಳು. ಕೋಳಿ ಅಂದರೆ ನನ್ನ ಕಡೆ ಓಡುವ ಸೂಚನೆ ಅಂತ ಆಗಿಬಿಟ್ಟಿತ್ತು. ಆ ದಿನದ ಖುಷಿಯನ್ನು ಹೇಳಲು ನನಗೆ ಬರುವುದಿಲ್ಲ.

ಹಗ್ಗವನ್ನು ಒಮ್ಮೆಲೇ ಬಿಚ್ಚಲಿಲ್ಲ. ನೆಲದಲ್ಲಿ ಎಳೆದುಕೊಂಡು ಓಡಾಡಲು ಬಿಟ್ಟು, ವಾರಕ್ಕೆ ಮೂರ್ನಾಲ್ಕು ಅಡಿ ಕತ್ತರಿಸುತ್ತಾ ಬಂದೆ. ಕೊನೆಗೆ ಗೇಣುದ್ದ ಉಳಿಯಿತು. ಅದೂ ಹೋದಾಗ ಅವಳಿಗೆ ಗೊತ್ತೇ ಆಗಲಿಲ್ಲ. ಒಳ್ಳೆ ಹಗ್ಗ ಹಾಳಾಯಿತು ಅಂತ ಮನೆಯಲ್ಲಿ ಬೈಗುಳ ಬಿತ್ತು. ನೂರೈವತ್ತು ರೂಪಾಯಿ ಹಗ್ಗ, ಹೋಗಲಿ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೆ ಮೋಟಾರಿಗೆ ಸೈಕಲ್ ರಿಮ್ ಜೋಡಿಸಿ, ದಾರ ಸುತ್ತಿ, ಹೊಲದ ಉದ್ದಕ್ಕೂ ಪ್ಲಾಸ್ಟಿಕ್ ಚೀಲ ಎಳೆಯುವ ಯಂತ್ರ ಮಾಡಿದೆ. ಎರಡೂವರೆ ಸಾವಿರ ಆಯಿತು. ಓಟ ಭರ್ಜರಿ, ಆದರೆ ತುಂಗಿ ನನ್ನನ್ನು ಬಿಟ್ಟು ಯಂತ್ರವನ್ನೇ ಕಾಯತೊಡಗಿದಳು. ಅದನ್ನು ಬಿಚ್ಚಿ ಎತ್ತಿಟ್ಟೆ. ಮೊಬೈಲ್‌ನಲ್ಲಿ ಕೋಳಿ ಕೂಗು ಹಾಕಿ ನೋಡಿದೆ, ಕತ್ತೂ ಎತ್ತಲಿಲ್ಲ. ಗಾಳಿಗೆ ಪಟಪಟ ಅನ್ನುವ ರಸಗೊಬ್ಬರದ ಚೀಲಕ್ಕೆ ಮಾತ್ರ ಎದ್ದು ನಿಂತಳು. ಕೂತ ಕೋಳಿಗಿಂತ ಹಾರುವ ಚೀಲವೇ ಅವಳಿಗೆ ದೊಡ್ಡದು. ಈಗ ಹೊಸ ಮರಿಗಳಿಗೆ ಕೋಳಿ ತರುವ ಮೊದಲು ದಾರ ಕಟ್ಟಿದ ಚೀಲದಿಂದಲೇ ಪಾಠ ಶುರು. ಕೋಳಿಗೂ ಗಾಬರಿ ಇಲ್ಲ, ದುಡ್ಡೂ ಉಳಿಯುತ್ತದೆ. ದೀಪಾವಳಿಗೆ ಒಂದು ತಿಂಗಳ ಮುಂಚೆಯಿಂದ ಪಟಾಕಿ ಸದ್ದನ್ನು ಸಣ್ಣದಾಗಿ ಹಾಕಿ ಜೊತೆಗೆ ಲಿವರ್ ಕೊಟ್ಟೆ. ಸರಮಾಲೆಗೆ ಹೆದರುವುದು ನಿಂತಿತು, ಆಟಂಬಾಂಬ್‌ಗೆ ಈಗಲೂ ಮಂಚದ ಕೆಳಗೇ.

ದಾವಣಗೆರೆಯಿಂದ ಒಂದು ಪಶ್ಮಿ (ಮುಧೋಳದ ಬಳಗದ್ದೇ, ಉದ್ದ ಕೂದಲಿನ ಬೇಟೆ ನಾಯಿ) ಬಂದಿತ್ತು, ಬೈಕ್ ಅಟ್ಟಿಸುವ ಚಟ. ಒಬ್ಬ ಸವಾರ ಬಿದ್ದು ಆಸ್ಪತ್ರೆ ಖರ್ಚು ಮಾಲೀಕರ ಮೇಲೆ ಬಿದ್ದಿತ್ತು. ಅದಕ್ಕೂ ಇದೇ ದಾರಿ. ನಿಂತ ಸ್ಕೂಟರ್, ಆಮೇಲೆ ತಳ್ಳಿಕೊಂಡು ಹೋಗುವ ಸ್ಕೂಟರ್, ಆಮೇಲೆ ಇಂಜಿನ್, ಕೊನೆಗೆ ವೇಗ. ಮೂರು ತಿಂಗಳು ಹಿಡಿಯಿತು. ತಿಂಗಳಿಗೆ ಐದು ಸಾವಿರ ತಗೊಂಡೆ. "ಮೊದಲೇ ಬರಬೇಕಿತ್ತು" ಅಂದರು ಅವರು. ಹೊಡೆದು ಹೊಡೆದು ಕೈಗೆ ಹೆದರುವ ಹಾಗೆ ಮಾಡಿ ತಂದ ನಾಯಿಗಳಿಗೆ ಇದರ ದುಪ್ಪಟ್ಟು ಸಮಯ ಬೇಕು. ಅಂಥವರಿಗೆ ಹಣ ತಗೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಬೆನ್ನಟ್ಟುವುದಲ್ಲ, ಹೆದರಿ ಕಚ್ಚುವ ನಾಯಿಯಾದರೆ ಮೊದಲು ಪಶುವೈದ್ಯರ ಹತ್ತಿರ ಕಳಿಸುತ್ತೇನೆ. ಕಿವಿಯ ಸೋಂಕು, ಸೊಂಟದ ನೋವು ಇದ್ದು ಕಚ್ಚುವ ನಾಯಿಗಳನ್ನು ತುಂಬಾ ನೋಡಿದ್ದೇನೆ. ಅವಕ್ಕೆ ಸೀಟಿ ಊದಿ ಏನು ಉಪಯೋಗ?

ಚಿಗರಿಯ ಪಾಠ ಕೋಳಿಯಷ್ಟು ಸುಲಭ ಇರಲಿಲ್ಲ. ಹಿಂಡು ಎಲ್ಲಿ ಯಾವಾಗ ಏಳುತ್ತದೆ ಅಂತ ನಮ್ಮ ಕೈಯಲ್ಲಿಲ್ಲ. ಪೂರ್ತಿ ಒಂದು ಬೇಸಿಗೆ ಹಗ್ಗದ ಮೇಲೆಯೇ ನಡೆಯಿತು, ಅದೂ ತೀರಾ ದೂರದಿಂದ, ಅವು ನಮ್ಮನ್ನು ನೋಡಿ ಓಡದಷ್ಟು ದೂರದಿಂದ. ಆಮೇಲೆ ಒಂದು ಮುಂಜಾನೆ ನಮ್ಮದೇ ಹೊಲದಲ್ಲಿ ಹಗ್ಗವಿಲ್ಲದೆ ಇದ್ದಾಗ ಬದುವಿನ ಆಚೆಯಿಂದ ಹಿಂಡು ಎದ್ದಿತು. ತುಂಗಿಯ ಬಾಯಿ ಮುಚ್ಚಿತು, ಊದಿದೆ, ಬಂದಳು. ಕೋಲು ಜೊತೆಗಿರಲಿಲ್ಲ. ಹೆಗಲ ಮೇಲಿನ ಟವೆಲನ್ನೇ ಎಳೆದುಕೊಂಡು ಓಡಿದೆ, ಅದನ್ನೇ ಅಟ್ಟಿಸಿದಳು. ಪಕ್ಕದ ಹೊಲದವರು ನೀರು ಕಟ್ಟುತ್ತಾ ನೋಡುತ್ತಿದ್ದರು. "ಅಣ್ಣಾರ, ನಮ್ಮ ಮಗನ ನಾಯಿಗೂ ಹೇಳಿಕೊಡ್ರಿ" ಅಂದರು.

ಈಗ ಕೋಳಿ, ಆಡು, ಬೈಕ್‌ಗೆ ಹಗ್ಗವೇ ಬೇಡ. ಚಿಗರಿಗೆ ಹತ್ತಕ್ಕೆ ಒಂಬತ್ತು ಸಲ ತಿರುಗುತ್ತಾಳೆ. ಉಳಿದ ಆ ಒಂದಕ್ಕಾಗಿ ಅಭಯಾರಣ್ಯದ ಕಡೆಯ ಬದುವಿಗೆ ಹೋದರೆ ಉದ್ದ ಹಗ್ಗ ಹಾಕಿಯೇ ಹೋಗುತ್ತೇನೆ. ಕಾಲ ಕೆಳಗಿಂದ ನವಿಲು ಭರ್ರನೆ ಎದ್ದರೆ ಇನ್ನೂ ಕಷ್ಟ, ಅಲ್ಲಿ ಕ್ಷಣವೇ ಸಿಗುವುದಿಲ್ಲ. ಗೋವಿನಜೋಳ ಆಳೆತ್ತರ ಬಂದಾಗಲೂ ಹಗ್ಗ ಮತ್ತೆ ಬರುತ್ತದೆ. ಬೆಳೆಯ ನಡುವೆ ಅವಳ ಬಾಯಿ ಮುಚ್ಚಿದ್ದು ನನಗೆ ಕಾಣುವುದಿಲ್ಲ.