ಲಿನಕ್ಸ್‌ನಲ್ಲಿ ತಾಳಮದ್ದಳೆಯ ಸಂಕಲನ: ದೃಶ್ಯ ತಡವರಿಸದಂತೆ, ಧ್ವನಿ ಕೈತಪ್ಪದಂತೆ

ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ನಡೆಯುವ ತಾಳಮದ್ದಳೆಯನ್ನು ಚಿತ್ರೀಕರಿಸಿಕೊಂಡು ಬಂದವರಿಗೆ ನಿಜವಾದ ಕೆಲಸ ಆರಂಭವಾಗುವುದು ಸಂಕಲನದ ಮೇಜಿನ ಮುಂದೆ. ಪಾತ್ರದ ಮಾತಾಡುವ ಅರ್ಥಧಾರಿಯ ಕೊನೆಯ ಮಾತು ಎಲ್ಲಿ ಮುಗಿಯಿತು, ಹಾಡುವ ಭಾಗವತರು ಪದ್ಯವನ್ನು ಎಲ್ಲಿ ಎತ್ತಿಕೊಂಡರು ಎಂಬುದನ್ನು ಕಣ್ಣು ಹೇಳಲಾರದು, ಕಿವಿಯೇ ಹೇಳಬೇಕು. ಟೈಮ್‌ಲೈನ್‌ನ ಸೂಚಕಗೆರೆಯನ್ನು ಮೌಸ್‌ನಿಂದ ಹಿಂದಕ್ಕೂ ಮುಂದಕ್ಕೂ ಎಳೆಯುವಾಗ ಆಯಾ ಜಾಗದ ಧ್ವನಿ ತುಣುಕು ತುಣುಕಾಗಿ ಕೇಳಿಸುವ ಆಡಿಯೊ ಸ್ಕ್ರಬ್ಬಿಂಗ್ ಇದಕ್ಕಾಗಿಯೇ ಇದೆ. ಆದರೆ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದನ್ನು ಚಾಲೂ ಮಾಡಿದೊಡನೆ ದೃಶ್ಯ ತಡವರಿಸತೊಡಗುತ್ತದೆ, ಮತ್ತು ಬಹಳ ಮಂದಿ ಅದನ್ನು ಬಂದ್ ಮಾಡಿಬಿಟ್ಟು ಧ್ವನಿಯ ಅಲೆಗೆರೆಯನ್ನು ನೋಡಿಯೇ ಕತ್ತರಿಸಲು ಹೊರಡುತ್ತಾರೆ. ನಾನೂ ಹಾಗೆ ಮಾಡಿದ ಒಂದು ಪ್ರಸಂಗದಲ್ಲಿ ಅರ್ಥಧಾರಿಯೊಬ್ಬರ ಮಾತಿನ ಕೊನೆಯ ಅಕ್ಷರಗಳು ಹಲವೆಡೆ ಉಡುಗಿಹೋಗಿದ್ದವು. ಮೆಲ್ಲಗೆ ಇಳಿಯುವ ದನಿ ಅಲೆಗೆರೆಯಲ್ಲಿ ಮೌನದಂತೆಯೇ ಕಾಣುತ್ತದೆ. ಆದ್ದರಿಂದ ಸ್ಕ್ರಬ್ಬಿಂಗನ್ನು ಬಿಟ್ಟುಕೊಡುವ ಬದಲು ದೃಶ್ಯದ ಹೊರೆಯನ್ನು ಇಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತೊಂದರೆಯ ಮೂಲವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಮೊಬೈಲ್ ಮತ್ತು ಕ್ಯಾಮೆರಾಗಳು ವಿಡಿಯೊ ಕುಗ್ಗಿಸಲು ಸಾಮಾನ್ಯವಾಗಿ ಬಳಸುವ ಎಚ್.264, ಎಚ್.265 ವಿಧಾನಗಳಲ್ಲಿ ಎಲ್ಲ ಫ್ರೇಮುಗಳೂ ಪೂರ್ಣ ಚಿತ್ರಗಳಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಇದ್ದು, ಉಳಿದವು ಅಕ್ಕಪಕ್ಕದ ಫ್ರೇಮುಗಳಿಗಿಂತ ತಮ್ಮಲ್ಲಿ ಏನು ಬೇರೆಯಾಗಿದೆ ಎಂಬುದನ್ನಷ್ಟೇ ಹೇಳುತ್ತವೆ. ನೇರವಾಗಿ ಮುಂದಕ್ಕೆ ಓಡಿಸುವಾಗ ಇದು ಅಷ್ಟೇನೂ ಕಷ್ಟವಲ್ಲ. ಸ್ಕ್ರಬ್ ಮಾಡುವಾಗಲಾದರೋ ಪ್ರತಿ ಜಿಗಿತದಲ್ಲೂ ಹಿಂದಿನ ಪೂರ್ಣ ಫ್ರೇಮಿಗೆ ಹೋಗಿ ಅಲ್ಲಿಂದ ಬೇಕಾದ ಜಾಗದವರೆಗೆ ಬಿಡಿಸುತ್ತ ಬರಬೇಕು. ಎಚ್.264 ವಿಡಿಯೊ ತಯಾರಿಸುವ ಎಕ್ಸ್264 ಎನ್‌ಕೋಡರ್ ಬೇರೆ ಸೂಚನೆ ಇಲ್ಲದಿದ್ದರೆ ಎರಡು ಪೂರ್ಣ ಫ್ರೇಮುಗಳ ನಡುವೆ 250 ಫ್ರೇಮುಗಳಷ್ಟು ಅಂತರ ಬಿಡಬಲ್ಲದು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದು 10 ಸೆಕೆಂಡು.

ಲಿನಕ್ಸ್‌ನಲ್ಲಿ ಓಡುವ ಸಂಕಲನ ತಂತ್ರಾಂಶಗಳಾದ ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡೂ ಎಂಎಲ್‌ಟಿ ಎಂಬ ಒಂದೇ ತಳಹದಿಯ ಮೇಲೆ ನಿಂತಿರುವುದರಿಂದ ಇಲ್ಲಿ ಹೇಳುವುದು ಬಹುಮಟ್ಟಿಗೆ ಎರಡಕ್ಕೂ ಸಲ್ಲುತ್ತದೆ. ಕೆಡೆನ್‌ಲೈವ್‌ನಲ್ಲಿ ಆಡಿಯೊ ಸ್ಕ್ರಬ್ಬಿಂಗ್ ಆಯ್ಕೆಯು ಕಾನ್ಫಿಗರ್ ವಿಭಾಗದ ಪ್ಲೇಬ್ಯಾಕ್ ಪುಟದಲ್ಲಿದೆ. ಶಾಟ್‌ಕಟ್‌ನಲ್ಲಿ ಸ್ಕ್ರಬ್ ಆಡಿಯೊ ಎಂಬ ಹೆಸರಿನಲ್ಲಿ ಮೆನುವಿನಲ್ಲೇ ಸಿಗುತ್ತದೆ.

ದೃಶ್ಯ ತಡವರಿಸಿದಾಗ ಹೆಚ್ಚಿನವರು ಮೊದಲು ಮುಟ್ಟುವುದು ಮಾನಿಟರಿನ ಪ್ರಿವ್ಯೂ ರೆಸಲ್ಯೂಶನ್ನನ್ನು. ಅದನ್ನು 540ಪಿ ಅಥವಾ 360ಪಿಗೆ ಇಳಿಸಿದರೆ ಬಣ್ಣದ ತಿದ್ದುಪಡಿ ಮತ್ತು ಎಫೆಕ್ಟ್‌ಗಳ ಹೊರೆ ತಗ್ಗುವುದು ನಿಜ. ಆದರೆ ಮೂಲ ಕಡತ 4ಕೆ ಆಗಿದ್ದರೆ ಅದರ 3840×2160 ಚಿತ್ರವನ್ನು ಮೊದಲು ಪೂರ್ತಿಯಾಗಿ ಬಿಡಿಸಿ, ಆಮೇಲೆ ಚಿಕ್ಕದು ಮಾಡಬೇಕಾಗುತ್ತದೆ. ಸ್ಕ್ರಬ್ಬಿಂಗಿನ ಸಿಕ್ಕು ಇರುವುದು ಬಿಡಿಸುವ ಆ ಹಂತದಲ್ಲೇ ಆದ್ದರಿಂದ ಪ್ರಿವ್ಯೂ ಇಳಿಸುವುದರಿಂದ ಅದು ಪೂರ್ಣವಾಗಿ ಬಗೆಹರಿಯುವುದಿಲ್ಲ.

ಬಗೆಹರಿಸುವುದು ಪ್ರಾಕ್ಸಿ ಕಡತ, ಅಂದರೆ ಸಂಕಲನದ ವೇಳೆ ಮೂಲದ ಬದಲು ಬಳಸುವ ಅದರ ಹಗುರ ಪ್ರತಿ. ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ಅದನ್ನು ಚಾಲೂ ಮಾಡಿ, ಪ್ರೊಫೈಲ್ ಆರಿಸುವಾಗ ಎಂಜೆಪೆಗ್‌ನಂತೆ ಪ್ರತಿ ಫ್ರೇಮನ್ನೂ ಪೂರ್ಣ ಚಿತ್ರವಾಗಿ ಇಡುವ ವಿಧಾನವನ್ನೇ ಆರಿಸಿಕೊಳ್ಳಿ. ಚಿತ್ರ 960×540ರಷ್ಟಿದ್ದರೆ 4ಕೆಯ ಹದಿನಾರನೇ ಒಂದು ಪಾಲು ಬಿಂದುಗಳು ಮಾತ್ರ ಉಳಿಯುತ್ತವೆ. ತಾಳಮದ್ದಳೆಯಲ್ಲಿ ಕುಳಿತು ಮಾತನಾಡುವವರ ಮುಖಭಾವ ತಿಳಿಯಲು ಅಷ್ಟು ಸಾಕು. ಪ್ರೊಫೈಲಿನಲ್ಲಿರುವ, ಕಡತ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದ ಸೂಚನೆಗಳನ್ನು ನಾವೇ ತಿದ್ದಿಕೊಳ್ಳಲು ಅವಕಾಶವಿರುವುದರಿಂದ ಧ್ವನಿಯನ್ನು ಎಎಸಿ ಬದಲು ಕುಗ್ಗಿಸದ ಪಿಸಿಎಂ ಆಗಿ ಇರಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎಎಸಿ ಧ್ವನಿಯು 1024 ಮಾದರಿಗಳ (ಸ್ಯಾಂಪಲ್‌ಗಳ) ಕಟ್ಟುಗಳಾಗಿ ಕುಗ್ಗಿರುತ್ತದೆ, ನಡುವೆ ಜಿಗಿದಾಗ ಒಂದು ಕಟ್ಟನ್ನು ಸರಿಯಾಗಿ ಬಿಡಿಸಲು ಅದರ ಹಿಂದಿನದೂ ಬೇಕಾಗುತ್ತದೆ. ಪಿಸಿಎಂನಲ್ಲಿ ಯಾವ ಮಾದರಿಗೆ ಬೇಕಾದರೂ ನೇರವಾಗಿ ಹೋಗಬಹುದು. 48 ಕಿಲೊಹರ್ಟ್ಸ್, 16 ಬಿಟ್ ಸ್ಟೀರಿಯೊ ಧ್ವನಿಗೆ ಗಂಟೆಯೊಂದಕ್ಕೆ 700 ಎಂಬಿಯೊಳಗೇ ಜಾಗ ಸಾಕಾಗುವುದರಿಂದ ಮೂರು ಗಂಟೆಯ ಕೂಟಕ್ಕೂ ಅದು ಭಾರವಲ್ಲ. ಪ್ರಾಕ್ಸಿಗಳು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇರದೆ ಒಳಗಿನ ಎಸ್‌ಎಸ್‌ಡಿಯಲ್ಲಿರಲಿ. ಅಲೆಗೆರೆಗಳ ರಚನೆ ಪೂರ್ತಿಯಾಗುವವರೆಗೆ ಕೆಲಸ ಆರಂಭಿಸಬೇಡಿ, ಏಕೆಂದರೆ ಅದು ಹಿನ್ನೆಲೆಯಲ್ಲಿ ಡಿಸ್ಕನ್ನು ಓದುತ್ತಲೇ ಇರುತ್ತದೆ.

ಮೊಬೈಲಿನಲ್ಲಿ ತೆಗೆದ ವಿಡಿಯೊ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಅದರ ಫ್ರೇಮ್ ದರ ಆಗಾಗ ಏರಿಳಿಯುತ್ತಿರುವುದುಂಟು, ಹಾಗಾದಾಗ ಧ್ವನಿಯೂ ದೃಶ್ಯವೂ ಬರಬರುತ್ತ ಬೇರೆಯಾಗುತ್ತವೆ. ಅಂಥ ಕಡತವನ್ನು ಸ್ಥಿರ ದರಕ್ಕೆ ಪರಿವರ್ತಿಸಿಕೊಂಡ ಮೇಲೆಯೇ ಪ್ರಾಕ್ಸಿ ಮಾಡಿಸಿ.

ಇಷ್ಟಾದ ಮೇಲೆ ಕಿವಿಯ ಕೆಲಸ. ಸೆಕೆಂಡಿಗೆ 25 ಫ್ರೇಮಿನ ಪ್ರಾಜೆಕ್ಟಿನಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು, 48 ಕಿಲೊಹರ್ಟ್ಸ್ ಧ್ವನಿಯಲ್ಲಿ 1920 ಮಾದರಿಗಳು. ಮೌಸ್ ಎಳೆದು ಮಾತಿನ ಕೊನೆಯನ್ನು ಸ್ಥೂಲವಾಗಿ ಹುಡುಕಿ, ಬಳಿಕ ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಸರಿಯುತ್ತ ಆ 40 ಮಿಲಿಸೆಕೆಂಡಿನ ತುಣುಕುಗಳನ್ನು ಆಲಿಸಿ. ಉಸಿರು, ಕೊನೆಯ ಸ್ವರ, ಜಾಗಟೆಯ ಮೊದಲ ಪೆಟ್ಟು, ಒಂದೊಂದೂ ಬೇರೆ ಬೇರೆಯಾಗಿ ಕಿವಿಗೆ ಸಿಗುತ್ತವೆ. ಮದ್ದಳೆಯ ಪೆಟ್ಟುಗಳು ಸೆಕೆಂಡಿಗೆ ಹತ್ತರಂತೆ ಬಿದ್ದರೆ ಎರಡು ಪೆಟ್ಟುಗಳ ನಡುವೆ ಎರಡೂವರೆ ಫ್ರೇಮಿನಷ್ಟೇ ಅಂತರವಿರುವುದರಿಂದ ಇಲ್ಲಿ ಬ್ಲೂಟೂತ್ ಹೆಡ್‌ಫೋನ್ ಸಲ್ಲದು. ಅದರ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡನ್ನು ಮೀರುತ್ತದೆ. ತಂತಿಯ ಹೆಡ್‌ಫೋನಿನಲ್ಲೂ ಧ್ವನಿ ಚಟಪಟ ಎಂದರೆ ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಪೈಪ್‌ವೈರ್‌ನ ಬಫರನ್ನು, ಅಂದರೆ ಧ್ವನಿಯನ್ನು ಮುಂಚಿತವಾಗಿ ಕೂಡಿಡುವ ಜಾಗವನ್ನು, ಸ್ವಲ್ಪ ಹೆಚ್ಚಿಸಿ ನೋಡಿ. 1024 ಮಾದರಿಗಳ ಬಫರ್ ಎಂದರೆ ಸುಮಾರು 21 ಮಿಲಿಸೆಕೆಂಡು, ಅರ್ಧ ಫ್ರೇಮಿನಷ್ಟು. ಅದು ಕೈಗೂ ಕಿವಿಗೂ ನಡುವೆ ತಡವೆಂದು ಅನ್ನಿಸುವುದಿಲ್ಲ. ಅದಕ್ಕಿಂತ ಬಹಳ ದೊಡ್ಡದು ಮಾಡಿದರೆ ಗೆರೆ ಮುಂದೆ ಹೋಗಿ ಧ್ವನಿ ಹಿಂದುಳಿಯುತ್ತದೆ.

ಕತ್ತರಿಸುವ ಕೆಲಸ ನಡೆಯುವಾಗ ಎಫೆಕ್ಟ್‌ಗಳನ್ನು ಹಾಕದಿರುವುದು ಒಳಿತು. ಅವನ್ನು ಕೊನೆಗೆ ಸೇರಿಸಿ, ಭಾರವಾದ ಭಾಗವನ್ನಷ್ಟೇ ಗುರುತಿಸಿ, ಕೆಡೆನ್‌ಲೈವ್‌ನಲ್ಲಿ ಶಿಫ್ಟ್ ಮತ್ತು ಎಂಟರ್ ಒತ್ತಿ ಟೈಮ್‌ಲೈನ್ ಪ್ರಿವ್ಯೂ ಸಿದ್ಧಪಡಿಸಿಕೊಂಡರೆ ಪೂರ್ತಿ ನೋಡುವಾಗ ಅಲ್ಲಿ ತಡವರಿಕೆ ಇರುವುದಿಲ್ಲ.

ಆಷಾಢದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಹೊಸತಲ್ಲ. ಬ್ಯಾಟರಿಯ ಮೇಲೆ ಓಡುವಾಗ ಲ್ಯಾಪ್‌ಟಾಪ್ ಪವರ್ ಸೇವರ್‌ಗೆ ಇಳಿದಿದ್ದರೆ ಪ್ರೊಸೆಸರಿನ ವೇಗ ತಗ್ಗಿ, ಬೆಳಗ್ಗೆ ಸರಿಯಾಗಿದ್ದ ಸ್ಕ್ರಬ್ಬಿಂಗ್ ಮಧ್ಯಾಹ್ನ ಎಡವುತ್ತದೆ. ಸೆಟ್ಟಿಂಗುಗಳನ್ನೆಲ್ಲ ಕೆದಕುವ ಮುನ್ನ ಪವರ್ ಮೋಡ್ ಒಮ್ಮೆ ನೋಡಿ.

ಕೊನೆಗೆ ರೆಂಡರ್ ಮಾಡುವಾಗ, ಅಂದರೆ ಅಂತಿಮ ವಿಡಿಯೊ ತಯಾರಿಸುವಾಗ, ಪ್ರಾಕ್ಸಿ ಬಳಸುವ ಆಯ್ಕೆ ಗುರುತಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅದಕ್ಕೂ ಮೊದಲು ಪ್ರಾಕ್ಸಿಯನ್ನು ಬಂದ್ ಮಾಡಿ, ಮೂಲ ಕಡತದ ಮೇಲೆ ಆರಂಭದ ಒಂದು, ನಡುವಿನ ಒಂದು ಮತ್ತು ಕೊನೆಯ ಒಂದು ಕತ್ತರಿಕೆಯನ್ನು ಕೇಳಿ ನೋಡಿ. ಮೂರೂ ಕಡೆ ಜಾಗಟೆಯ ಪೆಟ್ಟು ಅದೇ ಫ್ರೇಮಿನಲ್ಲಿ ಬಿದ್ದರೆ ರೆಂಡರಿಗೆ ಹಾಕಬಹುದು.